ಮರೆವಿನ ರೋಗವೂ ಮರಣದ ಕಾರಣವೂ

“ಅರವತ್ತಕ್ಕೆ ಅರಳುಮರಳು” ಎಂಬುದು ನಮ್ಮಲ್ಲಿ ಹಳೆಯ ಗಾದೆ. ಮನೆಯ ಹಿರಿಯರು ಹೇಳಿದ್ದನ್ನೇ ಹೇಳತೊಡಗಿದಾಗ, ಊಟ ಮಾಡಿ ಕೈತೊಳೆದು ಬಂದವರು ಮತ್ತೆ ಎಲೆ ಹಾಕೆಂದಾಗ, ಸುತ್ತಲಿನವರು ಈ ಮಾತನ್ನಾಡಿ ನಕ್ಕು ಸುಮ್ಮನಾಗುವುದುಂಟು. ಆದರೆ ಈ ಗಾದೆಯಲ್ಲಿ ಎರಡು ತಪ್ಪುಗಳು ಅಡಗಿವೆ. ಬುದ್ಧಿ ಕೆಡುವುದು ವಯಸ್ಸಿನ ಸಹಜಧರ್ಮವೆಂದು ಭಾವಿಸುವುದು ಮೊದಲನೆಯದು. ಇದು ಬುದ್ಧಿಗೆ ಮಾತ್ರ ಸಂಬಂಧಿಸಿದ ವಿಷಯ, ಇದರಿಂದ ಪ್ರಾಣಕ್ಕೇನೂ ಭಯವಿಲ್ಲ ಎಂದು ತಿಳಿಯುವುದು ಎರಡನೆಯದು. ಈ ದಿನ ನಾವು ಮುಖ್ಯವಾಗಿ ಎರಡನೆಯ ತಪ್ಪನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಈ ವಿಷಯದ ವಿಚಾರಕ್ಕೆ ನಮ್ಮನ್ನು ಎಳೆದುದು ಒಂದು ಪ್ರಶ್ನೆ. ನಮ್ಮ ಚಿಕ್ಕಮ್ಮನವರು ಎಂಟು ವರ್ಷ ಮರೆವಿನ ರೋಗದಿಂದ ನರಳಿ ತೀರಿಕೊಂಡರು. ಕೊನೆಯ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಹೆತ್ತ ಮಗನ ಗುರುತೂ ಅವರಿಗೆ ಉಳಿದಿರಲಿಲ್ಲ. ಮಗನೇ ದಿನವೂ ಎರಡು ಹೊತ್ತು ಒರಗಿಸಿ ಕೂರಿಸಿ ಗಂಜಿ ಕುಡಿಸುತ್ತಿದ್ದನು. ಒಂದು ಸಂಜೆ ಗಂಜಿ ನೆತ್ತಿಗೆ ಹತ್ತಿತು. ಮಾರನೆಯ ದಿನ ಜ್ವರ ಬಂದಿತು, ಉಸಿರಿನ ಉಬ್ಬಸ ಹೆಚ್ಚಿತು. ಐದನೆಯ ದಿನ ಪ್ರಾಣ ಹೋಯಿತು. ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ಹೃದಯವೂ ಉಸಿರೂ ನಿಂತು ಮರಣವಾಯಿತೆಂದು ಬರೆದಿತ್ತು. ವೈಕುಂಠ ಸಮಾರಾಧನೆ ಮುಗಿದ ರಾತ್ರಿ ಅವನು ನಮ್ಮನ್ನು ಹಿತ್ತಿಲ ಕಡೆಗೆ ಕರೆದುಕೊಂಡು ಹೋಗಿ, “ಅಣ್ಣಯ್ಯ, ನಾನು ಕುಡಿಸಿದ ಗಂಜಿಯೇ ಅಮ್ಮನನ್ನು ಕೊಂದಿತೆ?” ಎಂದು ಕೇಳಿದನು. ನಾವು ವೈದ್ಯರಲ್ಲ, ಕಾಲೇಜಿನಲ್ಲಿ ಪಾಠ ಹೇಳುವವರು. ಆಗ ನಮಗೆ ಉತ್ತರ ತೋಚಲಿಲ್ಲ. ಆಮೇಲೆ ಓದಿ ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತೇವೆ. ಇಂತಹ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳದೆ ಮನಸ್ಸಿನಲ್ಲಿಯೇ ಇಟ್ಟುಕೊಂಡು ಕೊರಗುವವರು ಇನ್ನೂ ಅನೇಕರು ಇರಬೇಕು.

ಡಿಮೆನ್ಷಿಯ ಎಂಬುದು ಒಂದು ರೋಗದ ಹೆಸರಲ್ಲ, ಒಂದು ಮನೆತನದ ಹೆಸರೆನ್ನಬಹುದು. ಮಿದುಳಿನ ಕಣಗಳು ಬರಬರುತ್ತ ನಶಿಸಿ, ನೆನಪು, ಮಾತು, ವಿವೇಚನೆ, ನಿತ್ಯದ ಕೆಲಸಗಳನ್ನು ಮಾಡಿಕೊಳ್ಳುವ ಶಕ್ತಿ ಇವು ಕುಂದುತ್ತ ಹೋಗುವ ಹಲವು ರೋಗಗಳಿಗೆ ಅದು ಒಟ್ಟು ಹೆಸರು. ಆಲ್ಜೈಮರ್ ರೋಗ ಇವುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದುದು. ನಮ್ಮ ದೇಶದಲ್ಲಿ 60 ವರ್ಷ ದಾಟಿದವರ ಪೈಕಿ ನೂರಕ್ಕೆ 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯ ಇರುವುದೆಂದು 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯ ಅಂದಾಜು. ಈ ಲೆಕ್ಕವನ್ನು ತಿರುಗಿಸಿ ನೋಡಿದರೆ, ಅರವತ್ತು ದಾಟಿದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಈ ರೋಗವಿಲ್ಲವೆಂದಾಯಿತು. ಆದಕಾರಣ ಗಾದೆಯ ಮೊದಲನೆಯ ತಪ್ಪು ಇಲ್ಲಿಯೇ ಬಯಲಾಗುತ್ತದೆ. ಇದು ಮುಪ್ಪಲ್ಲ, ರೋಗ.

ಇನ್ನು ಎರಡನೆಯದು. ಮರೆವು ಮನುಷ್ಯನನ್ನು ಕೊಲ್ಲುವುದು ಹೇಗೆ? ಈ ರೋಗದ ಇತಿಹಾಸದ ಮೊದಲನೆಯ ಪುಟದಲ್ಲಿಯೇ ಇದಕ್ಕೆ ಉತ್ತರವಿದೆ. 1901ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯಕ್ಕೆ ಆಗುಸ್ಟೆ ಡೇಟರ್ ಎಂಬ 51 ವರ್ಷದ ಗೃಹಿಣಿಯನ್ನು ಕರೆತಂದರು. ಆಲೋಯಿಸ್ ಆಲ್ಜೈಮರ್ ಎಂಬ ವೈದ್ಯರು ಆಕೆಯನ್ನು ಪರೀಕ್ಷಿಸಿ, ಆಕೆಯ ಮಾತುಗಳನ್ನೂ ನಡವಳಿಕೆಯನ್ನೂ ಎಚ್ಚರಿಕೆಯಿಂದ ಬರೆದಿಟ್ಟರು. ಆಕೆ 1906ರ ಏಪ್ರಿಲ್ 8ರಂದು ತೀರಿಕೊಂಡಳು. ಅಷ್ಟರಲ್ಲಿ ಮ್ಯೂನಿಕ್ಕಿಗೆ ಹೋಗಿದ್ದ ಆಲ್ಜೈಮರರು ಆಕೆಯ ಮಿದುಳನ್ನು ತರಿಸಿಕೊಂಡು ಸೂಕ್ಷ್ಮದರ್ಶಕದಲ್ಲಿ ನೋಡಿ, ತಾವು ಕಂಡುದನ್ನು ಅದೇ ವರ್ಷದ ನವೆಂಬರ್ 3ರಂದು ಟ್ಯೂಬಿಂಗೆನ್ನಿನಲ್ಲಿ ಕೂಡಿದ್ದ ವೈದ್ಯರ ಸಭೆಯ ಮುಂದಿಟ್ಟರು. 1910ರಲ್ಲಿ ಎಮಿಲ್ ಕ್ರೇಪೆಲಿನ್ ತಮ್ಮ ಗ್ರಂಥದಲ್ಲಿ ಈ ರೋಗಕ್ಕೆ ಆಲ್ಜೈಮರರ ಹೆಸರನ್ನೇ ಇಟ್ಟರು. ಇಷ್ಟು ಸಂಗತಿ ಪುಸ್ತಕಗಳಲ್ಲೆಲ್ಲ ಸಿಕ್ಕುತ್ತದೆ. ಆದರೆ ಆ ಹೆಂಗಸು ಸತ್ತದ್ದು ಯಾವುದರಿಂದ ಎಂದು ಕೇಳುವವರು ಕಡಮೆ. ಬಹುಕಾಲ ಹಾಸಿಗೆಯಲ್ಲಿಯೇ ಮಲಗಿದ್ದುದರಿಂದ ಆಕೆಗೆ ಹಾಸಿಗೆ ಹುಣ್ಣುಗಳಾಗಿದ್ದುವು. ಅವುಗಳ ನಂಜು ರಕ್ತಕ್ಕೇರಿತು. ಕೊಂದದ್ದು ನಂಜು ನಿಜ; ಆದರೆ ನಂಜಿಗೆ ದಾರಿ ಹುಣ್ಣು, ಹುಣ್ಣಿಗೆ ಕಾರಣ ಏಳಲಾರದೆ ಮಲಗಿದ್ದುದು, ಹಾಗೆ ಮಲಗುವಂತೆ ಮಾಡಿದ್ದು ಮಿದುಳಿನ ರೋಗ. ಈ ಸರಪಳಿಯನ್ನು ಶ್ರೋತೃಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ನಾವು ಹೇಳುವುದೆಲ್ಲ ಇದೇ ಸರಪಳಿಯ ಬೇರೆ ಬೇರೆ ಕೊಂಡಿಗಳ ವಿಚಾರ.

ಮಿದುಳು ನೆನಪಿನ ಉಗ್ರಾಣ ಮಾತ್ರವಲ್ಲ. ನಡೆಯುವುದು, ನುಂಗುವುದು, ಕೆಮ್ಮುವುದು, ಮೂತ್ರವನ್ನು ತಡೆಹಿಡಿಯುವುದು, ಹಸಿವು ಬಾಯಾರಿಕೆಗಳನ್ನು ಅರಿಯುವುದು ಇವೆಲ್ಲಕ್ಕೂ ಅದರ ಅಪ್ಪಣೆ ಬೇಕು. ನಾವು ಒಂದು ತುತ್ತನ್ನು ನುಂಗುವಾಗ ನಾಲಗೆ, ಗಂಟಲು, ಶ್ವಾಸನಾಳ ಇವು ಮೂರೂ ಕ್ಷಣಮಾತ್ರದಲ್ಲಿ ಹೊಂದಿಕೊಂಡು ಕೆಲಸಮಾಡಬೇಕು. ಶ್ವಾಸನಾಳದ ಬಾಯಿ ಮುಚ್ಚಿ ಅನ್ನನಾಳದ ಬಾಯಿ ತೆರೆಯಬೇಕು. ತಪ್ಪಿದರೆ ತುತ್ತು ನೆತ್ತಿಗೆ ಹತ್ತುತ್ತದೆ. ಆರೋಗ್ಯವಂತನು ಜೋರಾಗಿ ಕೆಮ್ಮಿ ಅದನ್ನು ಹೊರಕ್ಕೆ ತಳ್ಳುತ್ತಾನೆ. ಪಕ್ಕದಲ್ಲಿದ್ದವರು ಯಾರೋ ನೆನೆಸಿಕೊಂಡರೆಂದು ಹೇಳಿ ನೆತ್ತಿಯನ್ನು ತಟ್ಟುತ್ತಾರೆ. ರೋಗ ಬಲಿತವರಲ್ಲಿ ಈ ಕೆಮ್ಮೂ ಸೋತಿರುತ್ತದೆ. ಅನ್ನದ ಅಗುಳು, ಗಂಜಿಯ ಹನಿ, ಕಡೆಗೆ ಬಾಯಿಯ ಜೊಲ್ಲು ಸಹ, ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತವೆ. ಅವುಗಳೊಡನೆ ಬಾಯಿಯ ಕ್ರಿಮಿಗಳೂ ಹೋಗುತ್ತವೆ. ಹಾಸಿಗೆ ಹಿಡಿದವರ ಶ್ವಾಸಕೋಶಗಳು ಪೂರ್ತಿಯಾಗಿ ಅರಳುವುದಿಲ್ಲ, ಶರೀರದಲ್ಲಿ ಕಸುವಿಲ್ಲ, ಎದೆ ನೋಯುತ್ತಿದೆಯೆಂದು ಹೇಳಿಕೊಳ್ಳಲು ಮಾತಿಲ್ಲ. ಹೀಗಿರುವಲ್ಲಿ ನ್ಯುಮೋನಿಯ ನೆಲೆಯೂರುವುದೇನೂ ಆಶ್ಚರ್ಯವಲ್ಲ.

ಹೆಸರುವಾಸಿಯಾದ ಇಬ್ಬರ ಬಾಳಿನ ಕೊನೆಯನ್ನು ಇಲ್ಲಿ ನೆನೆಯಬಹುದು. ಅಮೆರಿಕದ ಅಧ್ಯಕ್ಷರಾಗಿದ್ದ ರೊನಾಲ್ಡ್ ರೇಗನ್ ತಮಗೆ ಆಲ್ಜೈಮರ್ ರೋಗವಿದೆಯೆಂದು 1994ರ ನವೆಂಬರಿನಲ್ಲಿ ದೇಶಕ್ಕೆ ತಿಳಿಸಿದರು; 2004ರ ಜೂನಿನಲ್ಲಿ ನ್ಯುಮೋನಿಯದಿಂದ ತೀರಿಕೊಂಡರು. ಮಂಗಳೂರಿನಲ್ಲಿ 1930ರಲ್ಲಿ ಹುಟ್ಟಿ, ಕಾರ್ಮಿಕರ ನಾಯಕರಾಗಿಯೂ ದೇಶದ ರಕ್ಷಣಾ ಸಚಿವರಾಗಿಯೂ ಖ್ಯಾತರಾದ ಜಾರ್ಜ್ ಫರ್ನಾಂಡಿಸರು ಅನೇಕ ವರ್ಷ ಇದೇ ರೋಗದಿಂದ ಹಾಸಿಗೆ ಹಿಡಿದಿದ್ದು, 2019ರ ಜನವರಿ 29ರಂದು ದೆಹಲಿಯಲ್ಲಿ ನಿಧನರಾದರು. ಅದಕ್ಕೆ ಸ್ವಲ್ಪ ಮೊದಲು ಅವರಿಗೆ ಹಂದಿಜ್ವರ ತಗುಲಿತ್ತು. ಅಧಿಕಾರ, ಐಶ್ವರ್ಯ, ಉತ್ತಮ ಚಿಕಿತ್ಸೆ ಇವು ಯಾವುವೂ ಈ ಸರಪಳಿಯನ್ನು ತುಂಡರಿಸಲಿಲ್ಲವೆಂಬುದನ್ನು ಗಮನಿಸಬೇಕು.

ಆದರೆ ಈ ಮನೆತನದ ರೋಗಗಳೆಲ್ಲವೂ ಒಂದೇ ದಾರಿಯಲ್ಲಿ ಸಾಗುವುದಿಲ್ಲ. ಆಲ್ಜೈಮರ್ ರೋಗ ಮಂದಗತಿಯದು. ಪತ್ತೆಯಾದ ಮೇಲೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವರ್ಷ ರೋಗಿ ಬದುಕುತ್ತಾನೆ. ಇಪ್ಪತ್ತು ವರ್ಷ ಬದುಕಿದವರೂ ಉಂಟು. ಎರಡನೆಯದಾದ ರಕ್ತನಾಳ ಸಂಬಂಧವಾದ ಡಿಮೆನ್ಷಿಯದಲ್ಲಿ ಮಿದುಳಿಗೆ ರಕ್ತವನ್ನೊಯ್ಯುವ ನಾಳಗಳು ಕೆಟ್ಟು, ಸಣ್ಣ ದೊಡ್ಡ ಪಾರ್ಶ್ವವಾಯುಗಳಿಂದ ಬುದ್ಧಿಶಕ್ತಿ ಕುಂದುತ್ತದೆ. ಮಿದುಳಿನ ನಾಳಗಳನ್ನು ಕೆಡಿಸಿದ ರಕ್ತದೊತ್ತಡ, ಸಿಹಿಮೂತ್ರ, ಹೊಗೆಸೊಪ್ಪು ಇವು ಹೃದಯದ ನಾಳಗಳನ್ನು ಸುಮ್ಮನೆ ಬಿಡುತ್ತವೆಯೆ? ಆದಕಾರಣ ಇಂತಹ ರೋಗಿಗಳು ಹೃದಯಾಘಾತದಿಂದಲೋ ಮತ್ತೊಂದು ಪಾರ್ಶ್ವವಾಯುವಿನಿಂದಲೋ ಸಾಯುವುದು ಹೆಚ್ಚು. ಸ್ವೀಡನ್ ದೇಶದ ಲುಂಡ್ ನಗರದಲ್ಲಿ ಡಿಮೆನ್ಷಿಯದಿಂದ ನರಳಿ ಸತ್ತ 524 ಮಂದಿಯ ಶವಪರೀಕ್ಷೆಯ ವರದಿಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದರು. ನೂರಕ್ಕೆ 38 ಮಂದಿ ನ್ಯುಮೋನಿಯದಿಂದಲೂ, 23 ಮಂದಿ ಹೃದಯಕ್ಕೆ ರಕ್ತ ಸಾಲದೆ ಬರುವ ರೋಗದಿಂದಲೂ ಸತ್ತಿದ್ದರು. ಅರ್ಬುದರೋಗದಿಂದ ಸತ್ತವರು ನೂರಕ್ಕೆ ನಾಲ್ವರೂ ಇರಲಿಲ್ಲ. ಆಲ್ಜೈಮರ್ ರೋಗಿಗಳಲ್ಲಿ ಶ್ವಾಸಕೋಶದ ರೋಗಗಳೂ, ರಕ್ತನಾಳದ ಡಿಮೆನ್ಷಿಯ ಇದ್ದವರಲ್ಲಿ ಹೃದಯ ಮತ್ತು ನಾಳಗಳ ರೋಗಗಳೂ ಮುಂದಾಗಿದ್ದುವು. ಇವೆರಡೂ ಒಬ್ಬರಲ್ಲಿಯೇ ಕೂಡಿರುವುದೂ ಅಪರೂಪವಲ್ಲ.

ಮೂರನೆಯದು ಲೂಯಿ ಕಣಗಳ ಡಿಮೆನ್ಷಿಯ. 1912ರಲ್ಲಿ ಫ್ರೀಡ್ರಿಕ್ ಲೂಯಿ ಎಂಬ ವೈದ್ಯರು ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಕಂಡ ಸಣ್ಣ ಗುಂಡುಗಳು ಇದರಲ್ಲಿ ಮಿದುಳಿನ ಹೊರಪದರದವರೆಗೂ ಹರಡಿರುತ್ತವೆ. ರೋಗಿಗೆ ಇಲ್ಲದ ಮನುಷ್ಯರೂ ಪ್ರಾಣಿಗಳೂ ಕಣ್ಣಿಗೆ ಕಾಣುತ್ತವೆ, ಮೈ ಬಿಗಿಯುತ್ತದೆ, ಎದ್ದುನಿಂತರೆ ರಕ್ತದೊತ್ತಡ ಕುಸಿದು ಬೀಳುತ್ತಾನೆ, ನುಂಗುವ ಕಷ್ಟ ಬೇಗ ತಲೆದೋರುತ್ತದೆ. ಇವರ ಆಯುಸ್ಸು ಆಲ್ಜೈಮರ್ ರೋಗಿಗಳದಕ್ಕಿಂತ ಸಾಮಾನ್ಯವಾಗಿ ಕಡಮೆ. ನಾಲ್ಕನೆಯದು ಮಿದುಳಿನ ಮುಂಭಾಗವನ್ನೂ ಕಪೋಲಭಾಗವನ್ನೂ ಹಿಡಿಯುವಂಥದು. 1892ರಲ್ಲಿ ಪ್ರಾಗ್ ನಗರದ ಆರ್ನಾಲ್ಡ್ ಪಿಕ್ ಮೊದಲು ವರ್ಣಿಸಿದರು. ಇದು ಅನೇಕ ವೇಳೆ ಐವತ್ತರ ಆಸುಪಾಸಿನಲ್ಲಿ, ನೆನಪಿಗಿಂತ ಮೊದಲು ನಡತೆಯನ್ನು ಕೆಡಿಸುತ್ತದೆ. ಕೆಲವರು ಮಿತಿಯಿಲ್ಲದೆ ಬಾಯಿಗೆ ತುರುಕಿಕೊಂಡು ಉಸಿರುಕಟ್ಟುವ ಅಪಾಯವುಂಟು. ಮಾಂಸಖಂಡಗಳನ್ನು ನಡೆಸುವ ನರಗಳ ರೋಗ ಇದರೊಡನೆ ಸೇರಿದರೆ ಉಸಿರಾಟದ ಸ್ನಾಯುಗಳೇ ಸೋತು ಎರಡು ಮೂರು ವರ್ಷಗಳಲ್ಲಿ ಮರಣ ಸಂಭವಿಸುತ್ತದೆ. ಕಡೆಯದಾಗಿ, ಕ್ರೂಟ್ಸ್‌ಫೆಲ್ಟ್-ಯಾಕೊಬ್ ರೋಗವೆಂಬುದು ಹತ್ತು ಲಕ್ಷದಲ್ಲಿ ವರ್ಷಕ್ಕೆ ಒಬ್ಬರಿಗೆ ಬರುವ ವಿರಳವಾದ ರೋಗ. ಅದು ಬಂದವರಲ್ಲಿ ಬಹುಪಾಲು ಮಂದಿ ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆ.

ಈ ವ್ಯತ್ಯಾಸಗಳು ಪಂಡಿತರ ಕುತೂಹಲಕ್ಕೆ ಮಾತ್ರ ಬೇಕಾದುವೆಂದು ತಿಳಿಯಬಾರದು. ರೋಗಿ ರಾತ್ರಿಯೆಲ್ಲ ಕೂಗಾಡಿದರೆ ಅವನನ್ನು ಶಾಂತಗೊಳಿಸಲು ಮದ್ದು ಕೊಡಿರೆಂದು ಮನೆಯವರು ಬೇಡುವುದುಂಟು. ಚಿತ್ತಭ್ರಮೆಗೆ ಕೊಡುವ ಔಷಧಿಗಳನ್ನು ಲೂಯಿ ಕಣಗಳ ರೋಗಿಗೆ ಕೊಟ್ಟರೆ ಮೈ ಮರಗಟ್ಟಿ ಪ್ರಾಣಕ್ಕೇ ಅಪಾಯವಾಗಬಹುದೆಂದು 1992ರಲ್ಲಿಯೇ ಇಂಗ್ಲೆಂಡಿನ ವೈದ್ಯರು ತೋರಿಸಿಕೊಟ್ಟರು. ಇತರ ಡಿಮೆನ್ಷಿಯಗಳಲ್ಲಿಯೂ ಈ ಔಷಧಿಗಳು ನಿರಪಾಯವಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 17 ಪ್ರಯೋಗಗಳ ಲೆಕ್ಕವನ್ನು ನೋಡಿ 2005ರಲ್ಲಿ ಎಚ್ಚರಿಕೆ ಕೊಟ್ಟಿತು: ಸುಮಾರು ಹತ್ತು ವಾರಗಳ ಅವಧಿಯಲ್ಲಿ ಔಷಧಿ ತೆಗೆದುಕೊಂಡ ವೃದ್ಧರಲ್ಲಿ ನೂರಕ್ಕೆ 4.5ರಷ್ಟು ಮಂದಿಯೂ, ಬರಿಯ ಹುಸಿಗುಳಿಗೆ ತೆಗೆದುಕೊಂಡವರಲ್ಲಿ 2.6ರಷ್ಟು ಮಂದಿಯೂ ಸತ್ತಿದ್ದರು. ಆ ಸಾವುಗಳಲ್ಲಿ ಹೆಚ್ಚಿನವು ಹೃದಯದಿಂದಲೋ ನ್ಯುಮೋನಿಯದಂತಹ ಸೋಂಕಿನಿಂದಲೋ ಆದುವು. ಔಷಧಿ ಎಂದಿಗೂ ಬೇಡವೆಂದು ಇದರ ಅರ್ಥವಲ್ಲ. ಯಾವ ಬಗೆಯ ಡಿಮೆನ್ಷಿಯವೆಂದು ಕೇಳಿ ತಿಳಿಯದೆ, ತೂಕಮಾಡಿ ನೋಡದೆ ಕೊಡಬಾರದೆಂದು ಅರ್ಥ.

ಈಗ ಆಸ್ಪತ್ರೆಯ ಆ ಕಾಗದದ ಮಾತಿಗೆ ಬರೋಣ. ಮರಣಕಾರಣದ ಪ್ರಮಾಣಪತ್ರದಲ್ಲಿ ಸಾಲು ಸಾಲಾಗಿ ಬರೆಯುವ ಏರ್ಪಾಡಿದೆ. ಮೊದಲನೆಯ ಸಾಲಿನಲ್ಲಿ ಕಟ್ಟಕಡೆಗೆ ಪ್ರಾಣ ತೆಗೆದ ಕಾರಣ, ಅದರ ಕೆಳಗೆ ಅದನ್ನು ತಂದ ಕಾರಣ, ಎಲ್ಲಕ್ಕೂ ಕೆಳಗೆ ಮೂಲಕಾರಣ. ಹೃದಯ ನಿಂತಿತು, ಉಸಿರು ನಿಂತಿತು ಎಂಬುದು ಸಾವಿನ ವರ್ಣನೆಯೇ ಹೊರತು ಕಾರಣವಲ್ಲ. ಯಾರ ಮರಣದಲ್ಲಿ ತಾನೆ ಅವು ನಿಲ್ಲುವುದಿಲ್ಲ? ಹಾಗೆ ಬರೆಯಕೂಡದೆಂದು ಆ ನಮೂನೆಯಲ್ಲಿಯೇ ಸೂಚನೆಯಿದೆ. ನಮ್ಮ ಚಿಕ್ಕಮ್ಮನವರ ಕಾಗದದಲ್ಲಿ ಮೊದಲು ನ್ಯುಮೋನಿಯ, ಅದರ ಕೆಳಗೆ ನುಂಗುವ ಶಕ್ತಿಯ ನಾಶ, ಎಲ್ಲಕ್ಕೂ ಕೆಳಗೆ ಆಲ್ಜೈಮರ್ ರೋಗ ಎಂದು ಇರಬೇಕಾಗಿತ್ತು. ಈ ಮೂರು ಸಾಲುಗಳಿದ್ದಿದ್ದರೆ ಒಬ್ಬ ಮಗನ ಪ್ರಶ್ನೆಗೆ ಅಲ್ಲಿಯೇ ಉತ್ತರ ದೊರೆಯುತ್ತಿತ್ತು.

ದೇಶದ ಲೆಕ್ಕಕ್ಕೂ ಇದು ಮುಖ್ಯ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2015ರಲ್ಲಿ ಸತ್ತವರ ಪೈಕಿ ನೂರಕ್ಕೆ 11.6ರಷ್ಟು ಮಂದಿಗೆ ಡಿಮೆನ್ಷಿಯವೇ ಮೂಲಕಾರಣವೆಂದು ದಾಖಲಾಗಿ, ಅದು ಮರಣಕಾರಣಗಳಲ್ಲೆಲ್ಲ ಮೊದಲನೆಯದಾಯಿತು. ಜನ ಹೆಚ್ಚು ಕಾಲ ಬದುಕುತ್ತಿರುವುದರ ಜತೆಗೆ, ವೈದ್ಯರು ರೋಗವನ್ನು ಗುರುತಿಸಿ ಬರೆಯುವ ಅಭ್ಯಾಸ ಬೆಳೆದುದೂ ಲೆಕ್ಕ ಹಾಕುವ ಕ್ರಮ ಬದಲಾದುದೂ ಇದಕ್ಕೆ ಕಾರಣ. ನಮ್ಮಲ್ಲಿ 1969ರ ಜನನ ಮರಣ ನೋಂದಣಿ ಕಾನೂನು ಇದ್ದರೂ, 2020ರಲ್ಲಿ ನೋಂದಣಿಯಾದ ಮರಣಗಳಲ್ಲಿ ನೂರಕ್ಕೆ 22.5ರಷ್ಟಕ್ಕೆ ಮಾತ್ರ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ್ದರು. ಉಳಿದವು ಮುಪ್ಪು, ಜ್ವರ ಎಂಬ ಮಾತುಗಳಲ್ಲಿ ಮುಗಿದುಹೋಗುತ್ತವೆ. ಲೆಕ್ಕಕ್ಕೆ ಬಾರದ ರೋಗಕ್ಕೆ ಹಣವೂ ದಾದಿಯರೂ ದೊರೆಯುವುದು ಕಷ್ಟ.

ರೋಗ ಬಲಿತ ಮೇಲೆ ಏನನ್ನು ನಿರೀಕ್ಷಿಸಬೇಕು? ಅಮೆರಿಕದ ಬಾಸ್ಟನ್ ನಗರದ ಸುತ್ತಲಿನ 22 ಶುಶ್ರೂಷಾಲಯಗಳಲ್ಲಿದ್ದ, ರೋಗ ಪೂರ್ಣವಾಗಿ ಬಲಿತ 323 ಮಂದಿಯನ್ನು 18 ತಿಂಗಳು ಗಮನಿಸಿ ಬರೆದ ವರದಿ 2009ರಲ್ಲಿ ಪ್ರಕಟವಾಯಿತು. ಆ ಅವಧಿಯಲ್ಲಿ ನೂರಕ್ಕೆ 55 ಮಂದಿ ಸತ್ತರು. ನೂರಕ್ಕೆ 41 ಮಂದಿಗೆ ನ್ಯುಮೋನಿಯ ಬಂದಿತು; 86 ಮಂದಿಗೆ ಊಟದ ತೊಂದರೆ ಕಾಣಿಸಿತು. ನ್ಯುಮೋನಿಯ ಬಂದವರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ ಆರು ತಿಂಗಳೊಳಗೆ ತೀರಿಕೊಂಡರು. ಇದಕ್ಕೆ ಮುಂಚೆ, 2000ದಲ್ಲಿ, ನ್ಯೂಯಾರ್ಕಿನಿಂದ ಬಂದ ಮತ್ತೊಂದು ವರದಿಯಲ್ಲಿ ಬುದ್ಧಿ ಸರಿಯಾಗಿದ್ದ ವೃದ್ಧರನ್ನೂ ಡಿಮೆನ್ಷಿಯದ ಕೊನೆಯ ಹಂತದವರನ್ನೂ ಹೋಲಿಸಿದ್ದರು. ಅದೇ ನ್ಯುಮೋನಿಯದಿಂದ ಆಸ್ಪತ್ರೆ ಸೇರಿದವರ ಪೈಕಿ ಆರು ತಿಂಗಳಲ್ಲಿ ಸತ್ತವರು ಮೊದಲನೆಯವರಲ್ಲಿ ನೂರಕ್ಕೆ 13, ಎರಡನೆಯವರಲ್ಲಿ 53. ಸೊಂಟದ ಮೂಳೆ ಮುರಿದವರಲ್ಲಿ ಕ್ರಮವಾಗಿ 12 ಮತ್ತು 55. ಸೋಂಕು ಒಂದೇ, ಮುರಿತ ಒಂದೇ. ಸಾವಿನ ಪ್ರಮಾಣ ಮಾತ್ರ ನಾಲ್ಕರಷ್ಟು. ಈ ವ್ಯತ್ಯಾಸವನ್ನುಂಟುಮಾಡುವುದು ಆಧಾರದಲ್ಲಿರುವ ಮಿದುಳಿನ ರೋಗವಲ್ಲದೆ ಮತ್ತಾವುದು?

ಬಾಯಿಯಿಂದ ಕೊಟ್ಟದ್ದರಿಂದಲೇ ಹೀಗಾಯಿತು, ಮೂಗಿನಲ್ಲಿ ನಳಿಗೆಯಿಟ್ಟು ಆಹಾರ ಕೊಟ್ಟಿದ್ದರೆ ಉಳಿಯುತ್ತಿದ್ದರೋ ಏನೋ ಎಂದು ಕೆಲವರು ಪಶ್ಚಾತ್ತಾಪಪಡುತ್ತಾರೆ. ಈ ವಿಷಯವನ್ನೂ ವಿದ್ವಾಂಸರು ಪರಿಶೀಲಿಸಿದ್ದಾರೆ. ರೋಗ ಪೂರ್ಣವಾಗಿ ಬಲಿತವರಲ್ಲಿ ನಳಿಗೆ ಆಯುಸ್ಸನ್ನು ಹೆಚ್ಚಿಸಿತೆಂಬುದಕ್ಕಾಗಲಿ, ನ್ಯುಮೋನಿಯವನ್ನು ತಪ್ಪಿಸಿತೆಂಬುದಕ್ಕಾಗಲಿ ಆಧಾರ ದೊರೆಯಲಿಲ್ಲ; ಜೊಲ್ಲೂ ಹೊಟ್ಟೆಯಿಂದ ಮೇಲಕ್ಕೆ ಬಂದ ಆಹಾರವೂ ಶ್ವಾಸನಾಳಕ್ಕೆ ಇಳಿಯುವುದನ್ನು ನಳಿಗೆ ತಡೆಯಲಾರದು. ಅಮೆರಿಕದ ವೃದ್ಧವೈದ್ಯರ ಸಂಘ 2014ರಲ್ಲಿ ಇಂತಹವರಿಗೆ ನಳಿಗೆ ಬೇಡ, ಎಚ್ಚರಿಕೆಯಿಂದ ಕೈಯಾರೆ ಉಣಿಸುವುದೇ ಮೇಲೆಂದು ಸಲಹೆ ಕೊಟ್ಟಿತು. ನೆಟ್ಟಗೆ ಕೂರಿಸಿ, ಸಣ್ಣ ಸಣ್ಣ ತುತ್ತುಗಳನ್ನು ಅವಸರವಿಲ್ಲದೆ ಕೊಟ್ಟು, ಒಂದು ನುಂಗಿದ ಮೇಲೆ ಮತ್ತೊಂದು ಕೊಡುವುದು, ಊಟವಾದ ಮೇಲೆ ಸ್ವಲ್ಪ ಹೊತ್ತು ಕೂತಿರುವಂತೆಯೇ ಬಿಡುವುದು, ಬಾಯಿಯನ್ನು ಶುಚಿಯಾಗಿಡುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವುದು. ಇವು ಮನೆಯಲ್ಲಿ ಮಾಡಬಹುದಾದ ಕೆಲಸಗಳು. ಇವುಗಳಿಂದ ಸರಪಳಿ ತುಂಡಾಗದಿದ್ದರೂ ಅದರ ಬಿಗಿ ಸಡಿಲವಾಗುತ್ತದೆ.

ಬಾಸ್ಟನ್ನಿನ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಈ ರೋಗ ಎಲ್ಲಿಗೆ ಮುಟ್ಟಿಸುತ್ತದೆಂಬುದನ್ನೂ, ದಾರಿಯಲ್ಲಿ ಬರುವ ತೊಡಕುಗಳನ್ನೂ ಮೊದಲೇ ತಿಳಿದಿದ್ದ ಮನೆಯವರು ಕೊನೆಯ ತಿಂಗಳುಗಳಲ್ಲಿ ರೋಗಿಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೊತ್ತು ತಿರುಗಲಿಲ್ಲ. ಫಲವಿಲ್ಲದ, ಯಾತನೆಯ ಚಿಕಿತ್ಸೆಗಳಿಗೆ ಅವರನ್ನು ಈಡುಮಾಡಿದ್ದೂ ಕಡಮೆ. ಆದಕಾರಣ ಸತ್ಯವನ್ನು ಮೊದಲೇ ಹೇಳುವುದು ವೈದ್ಯರ ಕರ್ತವ್ಯ. ಕೇಳಿ ತಿಳಿದುಕೊಳ್ಳುವುದು ಮನೆಯವರ ಹಕ್ಕು. ರೋಗವೇನೆಂದು ಕೇಳುವಷ್ಟರಿಂದಲೇ ತೃಪ್ತರಾಗದೆ, ಯಾವ ಬಗೆಯದು, ಮುಂದೇನಾಗುತ್ತದೆ, ನುಂಗುವುದು ಕಷ್ಟವಾದಾಗ ನಾವೇನು ಮಾಡಬೇಕು ಎಂದೂ ಕೇಳಬೇಕು.

ನಮ್ಮ ತಮ್ಮನಿಗೆ ಈಗ ನಾವು ಹೇಳುವ ಉತ್ತರ ಇಷ್ಟು. ಗಂಜಿ ಕಟ್ಟಕಡೆಯ ಕೊಂಡಿ, ಸರಪಳಿಯಲ್ಲ. ಅಂದು ಗಂಜಿ ನೆತ್ತಿಗೆ ಹತ್ತದಿದ್ದರೆ ಮತ್ತೊಂದು ದಿನ ಜೊಲ್ಲೋ ನೀರೋ ಇಳಿಯುತ್ತಿತ್ತು, ಇಲ್ಲವೆ ಹಾಸಿಗೆಯ ಹುಣ್ಣು ನಂಜಾಗುತ್ತಿತ್ತು. ನಿನ್ನ ತಾಯಿಯನ್ನು ಕೊಂದದ್ದು ಎಂಟು ವರ್ಷ ಅವರ ಮಿದುಳನ್ನು ತಿಂದ ರೋಗ. ನೀನು ಕೊಟ್ಟದ್ದು ಊಟ. ನಿನ್ನ ಹೆಸರನ್ನು ಮರೆತ ಮೇಲೂ ಎರಡು ವರ್ಷ ಅವರು ನಿನ್ನ ಕೈಯ ತುತ್ತಿಗೆ ಬಾಯಿ ತೆರೆದರು ಎಂಬುದನ್ನು ನೆನಪಿನಲ್ಲಿಟ್ಟುಕೊ.